ಗಂಜಿಯಿಂದ ಪುನರ್ಪುಳಿಯವರೆಗೆ: ಉಡುಪಿ ಮನೆಯಡುಗೆಯ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಉಡುಪಿ, ಮಂಗಳೂರು ಕಡೆಯ ಮನೆಗಳಲ್ಲಿ ಜ್ವರ ಬಂದಾಗ, ಮಳೆ ಹಿಡಿದು ಕೂತಾಗ, ರಾತ್ರಿ ಬಸ್ಸಿನಲ್ಲಿ ಹೊರಟ ಮಕ್ಕಳು ಬೆಳಿಗ್ಗೆ ಮನೆ ಸೇರಿದಾಗ ಮಾಡುವ ಅಡುಗೆಗಳಿಗೆ ಸಾಮಗ್ರಿ ಬಹಳ ಬೇಕಾಗುವುದಿಲ್ಲ. ಸಾಮಗ್ರಿ ಕಡಿಮೆಯಿರುವುದರಿಂದಲೇ ನೀರಿನ ಅಳತೆ, ಬೆಂಕಿಯ ಹದ, ಯಾವುದನ್ನು ಯಾವಾಗ ಹಾಕಬೇಕೆಂಬ ಕ್ರಮ ಇವು ಮೂರೂ ಮುಖ್ಯವಾಗುತ್ತವೆ. ನೆಂಟರಿಷ್ಟರು, ಹೊಸದಾಗಿ ಸಂಸಾರ ಹೂಡಿದವರು, ಘಟ್ಟದ ಮೇಲಿನಿಂದ ಇಲ್ಲಿಗೆ ಬಂದು ನೆಲೆಸಿದವರು ನನ್ನನ್ನು ಕೇಳುತ್ತ ಬಂದ ಪ್ರಶ್ನೆಗಳನ್ನು ಇಲ್ಲಿ ಉತ್ತರಗಳೊಂದಿಗೆ ಬರೆದಿದ್ದೇನೆ. ಅಳತೆಯ ಲೋಟವೆಂದರೆ ಸುಮಾರು 200 ಮಿಲಿಲೀಟರ್ ಹಿಡಿಯುವ ಸ್ಟೀಲಿನ ಲೋಟ.

ಕುಚ್ಚಲಕ್ಕಿ ಗಂಜಿಗೆ ಎಷ್ಟು ನೀರು ಇಡಬೇಕು? ಎಷ್ಟು ಹೊತ್ತು ಬೇಯಿಸಿದರೂ ಅಕ್ಕಿ ಗಟ್ಟಿಯಾಗಿಯೇ ಉಳಿಯುವುದು ಏಕೆ?

ಒಂದು ಲೋಟ ಅಕ್ಕಿಗೆ ಏಳರಿಂದ ಎಂಟು ಲೋಟ ನೀರು ಬೇಕು. ಕುಚ್ಚಲಕ್ಕಿಯನ್ನು ಭತ್ತವಿರುವಾಗಲೇ ನೆನೆಸಿ, ಬೇಯಿಸಿ, ಒಣಗಿಸಿ, ಆಮೇಲೆ ಮಿಲ್ಲಿಗೆ ಹಾಕುತ್ತಾರೆ. ಆ ಬೇಯುವಿಕೆಯಲ್ಲಿ ಕಾಳಿನೊಳಗಿನ ಪಿಷ್ಟ ಒಮ್ಮೆ ಮೆತ್ತಗಾಗಿ, ಒಣಗುವಾಗ ಗಟ್ಟಿಕಟ್ಟಿಕೊಳ್ಳುತ್ತದೆ. ತೌಡಿನಲ್ಲಿರುವ ಬಿ ಜೀವಸತ್ತ್ವಗಳ ಒಂದಂಶವೂ ಅದೇ ಹೊತ್ತಿಗೆ ಕಾಳಿನ ಒಳಭಾಗಕ್ಕೆ ಇಳಿಯುತ್ತದೆ. ಹೀಗಾಗಿ ಬೆಳ್ತಿಗೆ ಅಕ್ಕಿ, ಅಂದರೆ ಹೀಗೆ ಬೇಯಿಸದೆ ಮಿಲ್ಲಿಗೆ ಹಾಕಿದ ಬಿಳಿ ಅಕ್ಕಿ, ಹದಿನೈದು ನಿಮಿಷದಲ್ಲಿ ಬೆಂದರೆ ಕುಚ್ಚಲಕ್ಕಿಗೆ ತೆರೆದ ಪಾತ್ರೆಯಲ್ಲಿ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಹಿಡಿಯುತ್ತದೆ. ಅಕ್ಕಿ ಹಳೆಯದಾದರೆ ಇನ್ನೂ ಸ್ವಲ್ಪ ಹೆಚ್ಚು.

ಗ್ಯಾಸ್ ಉಳಿಸಬೇಕೆನ್ನುವವರು ಕುಕ್ಕರಿನಲ್ಲಿ ಒಂದು ಸೀಟಿ ಬಂದ ಕೂಡಲೇ ಒಲೆ ಆರಿಸಿ, ಅರ್ಧ ಗಂಟೆ ಮುಚ್ಚಳ ತೆಗೆಯದೆ ಹಾಗೆಯೇ ಬಿಡಬೇಕು. ಅನಂತರ ಮತ್ತೊಮ್ಮೆ ಉರಿ ಹೊತ್ತಿಸಿ ಇನ್ನೊಂದು ಸೀಟಿ ಬರಿಸಿದರೆ ಸಾಕು. ಸಾಲಾಗಿ ಏಳೆಂಟು ಸೀಟಿ ಹಾಕಿಸುವುದಕ್ಕಿಂತ ಇದು ಎಷ್ಟೋ ಒಳ್ಳೆಯದು, ಏಕೆಂದರೆ ಮಧ್ಯದ ಆ ಅರ್ಧ ಗಂಟೆಯಲ್ಲಿಯೇ ಕಾಳು ನಿಧಾನವಾಗಿ ನೀರು ಕುಡಿದು ಉಬ್ಬುತ್ತದೆ. ಒಂದು ಅಗುಳನ್ನು ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಹಿಸುಕಿ ನೋಡಿ: ಒಳಗೆ ಬಿಳಿಯ ಚುಕ್ಕೆ ಕಾಣದಿದ್ದರೆ, ಆದರೂ ಕಾಳಿನ ಆಕಾರ ಉಳಿದಿದ್ದರೆ ಹದ ಸರಿಯಾಗಿದೆ. ಉಪ್ಪನ್ನು ಬಡಿಸಿಕೊಂಡ ಮೇಲೆಯೇ ಹಾಕಿಕೊಳ್ಳಿ.

ಗಂಜಿಯ ಜೊತೆಗೆ ಏನು ಚೆನ್ನ?

ಒಂದು ಚಮಚ ತುಪ್ಪ, ಮಿಡಿ ಉಪ್ಪಿನಕಾಯಿ, ಸುಟ್ಟ ಹಪ್ಪಳ. ಮಳೆಗಾಲದಲ್ಲಾದರೆ ಉಪ್ಪುನೀರಿನಲ್ಲಿ ಹಾಕಿಟ್ಟ ಹಲಸಿನ ಸೊಳೆಯ ಪಲ್ಯ, ಅಂದರೆ ತುಳುವಿನಲ್ಲಿ ಹೇಳುವ ಉಪ್ಪಡ್ ಪಚ್ಚಿಲ್. ಹುರುಳಿಯನ್ನು ಹುರಿದು, ಒಣಮೆಣಸು, ತೆಂಗಿನ ತುರಿ, ಹುಳಿ ಸೇರಿಸಿ ಗಟ್ಟಿಯಾಗಿ ಅರೆದ ಚಟ್ನಿಯಷ್ಟು ಗಂಜಿಗೆ ಒಗ್ಗುವ ಪದಾರ್ಥ ಇನ್ನೊಂದಿಲ್ಲವೆಂಬುದು ನನ್ನ ಅಭಿಪ್ರಾಯ.

ತಂಬುಳಿ ಒಡೆದು ನೀರು ಬೇರೆ, ಗಸಿ ಬೇರೆ ಆಗುತ್ತದೆ. ತಪ್ಪು ಎಲ್ಲಿ?

ಬಹುತೇಕ ಸಂದರ್ಭಗಳಲ್ಲಿ ತಪ್ಪು ಬಿಸಿಯದು. ತಂಬುಳಿ ಎಂಬ ಹೆಸರಿನಲ್ಲಿಯೇ ತಂಪು ಇದೆ. ಅದನ್ನು ಒಲೆಯ ಮೇಲೆ ಇಡುವ ಕ್ರಮವಿಲ್ಲ. ಮಜ್ಜಿಗೆ ಮೊದಲೇ ಹುಳಿಯಾಗಿರುತ್ತದೆ. ಅದಕ್ಕೆ ಬಿಸಿ ತಾಗಿದರೆ ಹಾಲಿನ ಪ್ರೋಟೀನು ಗಂಟುಗಟ್ಟಿ ನೀರನ್ನು ಬಿಟ್ಟುಬಿಡುತ್ತದೆ. ಹುರಿದ ಸೊಪ್ಪನ್ನು ಆರಿಸದೆ ಅರೆಯುವುದು, ಮಿಕ್ಸಿಯಲ್ಲಿ ಅರೆದು ಬೆಚ್ಚಗಾದ ಮಸಾಲೆಗೆ ಕೂಡಲೇ ಮಜ್ಜಿಗೆ ಹೊಯ್ಯುವುದು, ಧಗಧಗಿಸುವ ಒಗ್ಗರಣೆಯನ್ನು ನೇರವಾಗಿ ಸುರಿಯುವುದು: ಈ ಮೂರು ಕಡೆ ಎಚ್ಚರವಿದ್ದರೆ ತಂಬುಳಿ ಒಡೆಯುವುದಿಲ್ಲ.

ಒಂದೆಲಗದ ತಂಬುಳಿಗೆ ಒಂದು ಹಿಡಿ ಎಲೆಯನ್ನು ಬೇರು, ಮಣ್ಣು ಉಳಿಯದಂತೆ ಮೂರು ನೀರಿನಲ್ಲಿ ತೊಳೆಯಿರಿ. ಅರ್ಧ ಚಮಚ ಜೀರಿಗೆ ಮತ್ತು ನಾಲ್ಕು ಕಾಳುಮೆಣಸನ್ನು ತುಪ್ಪದಲ್ಲಿ ಹುರಿದು, ಅದೇ ಬಾಣಲೆಯಲ್ಲಿ ಎಲೆಯನ್ನು ಬಾಡುವಷ್ಟು ಮಾತ್ರ ಹೊರಳಿಸಿ ಆರಲು ಬಿಡಿ. ಅರ್ಧ ಲೋಟ ತೆಂಗಿನ ತುರಿಯೊಂದಿಗೆ ನುಣ್ಣಗೆ ಅರೆದು, ಒಂದೂವರೆ ಲೋಟ ಕಡೆದ ಮಜ್ಜಿಗೆ, ಉಪ್ಪು ಸೇರಿಸಿ. ಸಾಸಿವೆ, ಒಣಮೆಣಸಿನ ಒಗ್ಗರಣೆ ಸೌಟಿನಲ್ಲಿಯೇ ಸ್ವಲ್ಪ ಆರಿದ ಮೇಲೆ ಬೀಳಲಿ. ಎಲೆಯನ್ನು ಹಸಿಯಾಗಿಯೇ ಅರೆಯುವವರೂ ಇದ್ದಾರೆ; ಆಗ ಹಸಿರು ಗಾಢವಾಗಿರುತ್ತದೆ, ಕಹಿಯೂ ಒಂದಿಷ್ಟು ಮುಂದೆ ನಿಲ್ಲುತ್ತದೆ. ಒಂದೆಲಗವನ್ನು ತುಳುವಿನಲ್ಲಿ ತಿಮರೆ ಎನ್ನುತ್ತಾರೆ. ಬ್ರಾಹ್ಮಿ ಎಂಬ ಹೆಸರು ಇದಕ್ಕೂ ಇದೆ, ಸಣ್ಣ ದಪ್ಪ ಎಲೆಯ ನೀರುಬ್ರಾಹ್ಮಿಗೂ ಇದೆ. ತಂಬುಳಿಗೆ ಬೇಕಾದುದು ಕಾಸಿನಗಲದ ದುಂಡನೆಯ ಎಲೆಯುಳ್ಳದ್ದು.

ಇದೇ ಕ್ರಮದಲ್ಲಿ ಶುಂಠಿ, ಮೆಂತ್ಯ, ಸಾಂಬಾರಬಳ್ಳಿ, ಪೇರಳೆಯ ಚಿಗುರು ಇವುಗಳ ತಂಬುಳಿಯೂ ಆಗುತ್ತದೆ. ಹೊಟ್ಟೆ ಕೆಟ್ಟಾಗ ಮಾಡುವ ದಾಳಿಂಬೆ ಸಿಪ್ಪೆಯ ತಂಬುಳಿಗೆ ಒಣಗಿಸಿದ ಸಿಪ್ಪೆಯ ಬೆರಳುಗುರಿನಷ್ಟು ಗಾತ್ರದ ಎರಡು ಚೂರು ಸಾಕು. ಹೆಚ್ಚಾದರೆ ಒಗರು ನಾಲಿಗೆಯನ್ನೇ ಹಿಡಿಯುತ್ತದೆ.

ಹಾಗಾದರೆ ಮಜ್ಜಿಗೆಹುಳಿಯನ್ನು ಕುದಿಸುವುದು ಹೇಗೆ ಸಾಧ್ಯ?

ತೆಂಗಿನಕಾಯಿ ಅರೆಯುವಾಗ ನೆನೆಸಿದ ಒಂದು ಚಮಚ ಅಕ್ಕಿಯನ್ನು ಸೇರಿಸಿ ಅರೆಯಿರಿ. ಅಕ್ಕಿಯ ಪಿಷ್ಟ ಮಜ್ಜಿಗೆಯನ್ನು ಹಿಡಿದಿಡುತ್ತದೆ. ಹಾಗಿದ್ದರೂ ಸಣ್ಣ ಉರಿಯಲ್ಲಿ ಸೌಟಾಡಿಸುತ್ತ, ಅಂಚಿನಲ್ಲಿ ನೊರೆ ಏಳುವಾಗಲೇ ಇಳಿಸಬೇಕು.

ಮನೆಯಲ್ಲಿ ಮಾಡಿದ ಸಾರಿಗೆ ಉಡುಪಿ ಸಾರಿನ ಪರಿಮಳ ಬರುವುದಿಲ್ಲವೇಕೆ?

ಪುಡಿ ಹಳೆಯದಾಗಿರುವುದು ಮೊದಲ ಕಾರಣ. ಒಂದು ಲೋಟ ಕೊತ್ತಂಬರಿ ಬೀಜ, ಕಾಲು ಲೋಟ ಜೀರಿಗೆ, ಒಂದು ದೊಡ್ಡ ಚಮಚ ಮೆಂತ್ಯ, ಇಪ್ಪತ್ತೈದು ಬ್ಯಾಡಗಿ ಮೆಣಸು, ಎರಡು ಎಸಳು ಕರಿಬೇವು, ಕಡಲೆಕಾಳಿನಷ್ಟು ಇಂಗು, ಇವನ್ನು ಒಂದೊಂದಾಗಿ ತೆಂಗಿನೆಣ್ಣೆಯ ಪಸೆಯಲ್ಲಿ ಹುರಿದು ಪುಡಿ ಮಾಡಿಕೊಳ್ಳಿ. ಒಟ್ಟಿಗೆ ಹುರಿದರೆ ಮೆಂತ್ಯ ಸೀಯುವ ಹೊತ್ತಿಗೂ ಕೊತ್ತಂಬರಿ ಹಸಿಯಾಗಿರುತ್ತದೆ. 2011ರಲ್ಲಿ ಭೌಗೋಳಿಕ ಸೂಚಿಕೆ ಪಡೆದ ಬ್ಯಾಡಗಿ ಮೆಣಸಿನಲ್ಲಿ ಬಣ್ಣ ಹೆಚ್ಚು, ಖಾರ ಕಡಿಮೆ. ಇಪ್ಪತ್ತೈದು ಮೆಣಸು ಎಂದು ಹೆದರಬೇಕಾಗಿಲ್ಲ.

ಎರಡನೆಯ ಕಾರಣ, ಪುಡಿ ಹಾಕಿದ ಮೇಲೆ ಸಾರನ್ನು ಕಾಲು ಗಂಟೆ ಕುದಿಸುವುದು. ಹುಳಿನೀರು, ಟೊಮೆಟೊ, ಬೆಲ್ಲ, ಉಪ್ಪು ಚೆನ್ನಾಗಿ ಕುದಿಯಲಿ, ಬೇಳೆಕಟ್ಟು ಸೇರಲಿ, ಪುಡಿ ಕೊನೆಗೆ ಬರಲಿ. ಒಂದು ಉಕ್ಕು ಮೇಲೆದ್ದ ಕೂಡಲೇ ಇಳಿಸಿ, ಕೊತ್ತಂಬರಿ ಸೊಪ್ಪು ಹಾಕಿ ಮುಚ್ಚಿಡಿ. ಬೆಲ್ಲ ಸಿಹಿ ಮಾಡುವುದಕ್ಕಲ್ಲ, ಹುಳಿ ಮತ್ತು ಖಾರದ ಮೊನಚನ್ನು ಇಳಿಸುವುದಕ್ಕೆ. ಕೃಷ್ಣಮಠದ ಅಡುಗೆಯ ಕ್ರಮವನ್ನು ಅನುಸರಿಸುವ ಮನೆಗಳಲ್ಲಿ ಇದಕ್ಕೆ ಈರುಳ್ಳಿ, ಬೆಳ್ಳುಳ್ಳಿ ಬೀಳುವುದಿಲ್ಲ.

ನೀರುದೋಸೆಗೆ ತೂತು ಬರುವುದಿಲ್ಲ, ಕಾವಲಿಯಿಂದ ಏಳುವುದೂ ಇಲ್ಲ. ಏನು ಮಾಡಬೇಕು?

ಹಿಟ್ಟಿಗೆ ಇನ್ನೂ ನೀರು ಬೇಕಾಗಿದೆ, ಕಾವಲಿಗೆ ಇನ್ನೂ ಕಾವು ಬೇಕಾಗಿದೆ. ಬೆಳ್ತಿಗೆ ಅಕ್ಕಿಯನ್ನು ನಾಲ್ಕೈದು ಗಂಟೆ ನೆನೆಸಿ ಬೆರಳಿಗೆ ತರಿ ಸಿಗದಂತೆ ಅರೆದು, ಉಪ್ಪು ಹಾಕಿ, ನೀರುಮಜ್ಜಿಗೆಯಷ್ಟು ತೆಳುವಾಗಿಸಿ. ಇದು ಹುದುಗುವ ಹಿಟ್ಟಲ್ಲ, ಅರೆದ ಕೂಡಲೇ ಹೊಯ್ಯಬಹುದು. ಕಾದ ಕಾವಲಿಗೆ ನೀರಾದ ಹಿಟ್ಟು ಬಿದ್ದಾಗ ಏಳುವ ಹಬೆಯೇ ತೂತು ಮಾಡುವುದು. ‘ಚುಂಯ್’ ಎಂಬ ಸದ್ದು ಕೇಳಿಸದಿದ್ದರೆ ಕಾವು ಸಾಲದು. ಹಿಟ್ಟನ್ನು ಹೊರ ಅಂಚಿನಿಂದ ಒಳಕ್ಕೆ ಹೊಯ್ಯುತ್ತ ಬನ್ನಿ, ಸೌಟಿನ ತಳದಿಂದ ಹರಡಬೇಡಿ. ಮುಚ್ಚಿ ಬೇಯಿಸಿ, ಮಗುಚದೆ ಮಡಚಿ ತೆಗೆಯಿರಿ.

ಬಹಳ ಮಂದಿ ಮರೆಯುವ ಸಂಗತಿಯೊಂದಿದೆ. ಅಕ್ಕಿಹಿಟ್ಟು ಪಾತ್ರೆಯ ತಳದಲ್ಲಿ ಕೂರುತ್ತದೆ, ಆದ್ದರಿಂದ ಪ್ರತಿ ದೋಸೆಗೂ ಮೊದಲು ತಳದಿಂದ ಕದಡಬೇಕು. ಇಲ್ಲವಾದರೆ ಮೊದಲ ನಾಲ್ಕು ದೋಸೆ ಹರಿದುಹೋಗುತ್ತವೆ, ಕೊನೆಯ ನಾಲ್ಕು ದಪ್ಪವಾಗುತ್ತವೆ. ಹೊಸ ಅಕ್ಕಿ ಅಂಟುತ್ತದೆ, ಹಳೆಯದನ್ನೇ ಬಳಸಿ. ಬಿಸಿ ದೋಸೆಗಳನ್ನು ಒಂದರ ಮೇಲೊಂದು ಪೇರಿಸಬೇಡಿ. ಬಿಡಿಬಿಡಿಯಾಗಿ ಆರಿದ ಮೇಲೆ ಜೋಡಿಸಿ.

ಪತ್ರೊಡೆ ತಿಂದರೆ ಗಂಟಲು ತುರಿಸುತ್ತದೆ. ತಪ್ಪಿಸುವುದು ಹೇಗೆ?

ಕೆಸುವಿನ ಎಲೆಯಲ್ಲಿ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳಿರುತ್ತವೆ, ತುರಿಕೆ ಅವುಗಳದ್ದು. ಎಲ್ಲ ಕೆಸುವೂ ತಿನ್ನುವ ಕೆಸುವಲ್ಲ. ಎಲೆಯನ್ನು ಬಲ್ಲವರಿಂದ ತರಿಸಿಕೊಳ್ಳುವುದು ಮೊದಲ ಕೆಲಸ. ಹಿಂಬದಿಯ ದಪ್ಪ ನರಗಳನ್ನು ಕತ್ತಿಯಿಂದ ಹೆರೆದು ತೆಗೆಯಿರಿ. ಮಸಾಲೆಯಲ್ಲಿ ಹುಣಸೆಹುಳಿ ಧಾರಾಳವಾಗಿರಲಿ. ಹಿಟ್ಟನ್ನು ನೆಕ್ಕಿ ನೋಡಿದಾಗ ಹುಳಿ ಒಂದು ಹೆಜ್ಜೆ ಮುಂದಿದ್ದರೆ ಬೆಂದ ಮೇಲೆ ಸರಿಯಾಗುತ್ತದೆ. ಹಬೆಯಲ್ಲಿ ಮುಕ್ಕಾಲು ಗಂಟೆಗೆ ಕಡಿಮೆ ಬೇಯಿಸಬೇಡಿ. ತುಳುವರ ಆಟಿ ತಿಂಗಳಲ್ಲಿ, ಅಂದರೆ ಜುಲೈ-ಆಗಸ್ಟ್ ಮಳೆಗಾಲದಲ್ಲಿ, ಮಾಡಿದ ಪತ್ರೊಡೆಯನ್ನು ಮರುದಿನ ಪುಡಿ ಮಾಡಿ, ತೆಂಗಿನ ತುರಿ, ಬೆಲ್ಲ, ಒಗ್ಗರಣೆ ಸೇರಿಸಿ ಬಿಸಿ ಮಾಡಿದರೆ ನಮ್ಮ ಮನೆಯಲ್ಲಿ ಮೊದಲ ದಿನಕ್ಕಿಂತ ಬೇಗ ಖಾಲಿಯಾಗುತ್ತದೆ.

ಬನ್ಸ್ ಎಣ್ಣೆ ಕುಡಿಯುತ್ತದೆ. ಕಾರಣವೇನು?

ಹಿಟ್ಟು ಸಡಿಲವಾಗಿರುತ್ತದೆ ಅಥವಾ ಎಣ್ಣೆ ಕಾದಿರುವುದಿಲ್ಲ. ಸಿಪ್ಪೆ ಕಪ್ಪಾದ ಎರಡು ಸಣ್ಣ ಬಾಳೆಹಣ್ಣು, ಮೂರು ಚಮಚ ಸಕ್ಕರೆ, ಮೂರು ಚಮಚ ಹುಳಿಮೊಸರು, ಜೀರಿಗೆ, ಉಪ್ಪು, ಚಿಟಿಕೆ ಅಡುಗೆಸೋಡಾ ಇವನ್ನು ಕಿವುಚಿ, ಹಿಡಿಸುವಷ್ಟೇ ಮೈದಾ ಸೇರಿಸಿ, ನೀರು ಹಾಕಬೇಡಿ. ರಾತ್ರಿಯಿಡೀ ಮುಚ್ಚಿಟ್ಟ ಹಿಟ್ಟನ್ನು ಪೂರಿಗಿಂತ ದಪ್ಪಗೆ ಲಟ್ಟಿಸಿ, ಹದವಾದ ಉರಿಯಲ್ಲಿ ಕರಿಯಿರಿ. ಸಕ್ಕರೆ, ಹಣ್ಣು ಇರುವುದರಿಂದ ದೊಡ್ಡ ಉರಿಯಲ್ಲಿ ಹೊರಗೆ ಕಪ್ಪಾಗಿ ಒಳಗೆ ಹಸಿ ಉಳಿಯುತ್ತದೆ.

ಹೆಸರುಬೇಳೆ ಪಾಯಸದಲ್ಲಿ ಕಾಯಿಹಾಲು ಒಡೆದು ಎಣ್ಣೆ ತೇಲುತ್ತದೆ. ಸರಿಯಾದ ಕ್ರಮ ಯಾವುದು?

ದೊಡ್ಡ ತೆಂಗಿನಕಾಯಿ ಒಂದನ್ನು ತುರಿದು, ಅರ್ಧ ಲೋಟ ಉಗುರುಬೆಚ್ಚಗಿನ ನೀರು ಸೇರಿಸಿ ಅರೆದು, ತೆಳುಬಟ್ಟೆಯಲ್ಲಿ ಹಿಂಡಿ. ಮುಷ್ಟಿ ಬಿಗಿದಂತೆಲ್ಲ ಬೆರಳ ಸಂದಿನಿಂದ ಕೆನೆಯಂಥ ಬಿಳಿಹಾಲು ದಾರವಾಗಿ ಇಳಿಯುತ್ತದೆ, ಇದು ಮೊದಲ ಹಾಲು. ಇದನ್ನು ಬೇರೆ ಪಾತ್ರೆಯಲ್ಲಿ ಮುಚ್ಚಿಡಿ. ಅದೇ ಹಿಂಡಿಗೆ ಒಂದೊಂದು ಲೋಟ ನೀರು ಹಾಕಿ ಎರಡನೆಯ, ಮೂರನೆಯ ಹಾಲು ತೆಗೆಯಿರಿ.

ಒಂದು ಲೋಟ ಹೆಸರುಬೇಳೆಯನ್ನು ಪರಿಮಳ ಬರುವವರೆಗೆ ಹುರಿದು, ಮೂರನೆಯ ಹಾಲು ಮತ್ತು ನೀರಿನಲ್ಲಿ ಬೇಯಿಸಿ. ಬೇಳೆ ಪೂರ್ತಿ ಮೆತ್ತಗಾದ ಮೇಲೆಯೇ ಒಂದೂಕಾಲು ಲೋಟ ಬೆಲ್ಲ ಹಾಕಬೇಕು. ಬೆಲ್ಲ ಬಿದ್ದ ಬಳಿಕ ಬೇಳೆ ಮತ್ತೆ ಬೇಯಲೊಲ್ಲದು. ಬೆಲ್ಲ ಕರಗಿ ಕುದಿದ ಮೇಲೆ ಎರಡನೆಯ ಹಾಲು ಹಾಕಿ ಹತ್ತು ನಿಮಿಷ ಸಣ್ಣ ಉರಿಯಲ್ಲಿ ಬಿಡಿ. ಅನಂತರ ಒಲೆ ಆರಿಸಿ. ಕುದಿ ನಿಂತ ಮೇಲೆ ಮೊದಲ ಹಾಲು, ಏಲಕ್ಕಿ.

ಮದುವೆಯಾದ ಹೊಸತರಲ್ಲಿ ಹತ್ತು ಜನರ ಊಟಕ್ಕೆ ಮಾಡಿದ ಪಾಯಸವನ್ನು, ಮೊದಲ ಹಾಲು ಹಾಕಿದ ಮೇಲೂ ಒಲೆಯ ಮೇಲೆ ಮರೆತು ನಾನು ಕೆಡಿಸಿದ್ದೆ. ಮೇಲೆ ಎಣ್ಣೆಯ ಕಣ್ಣುಗಳು, ಕೆಳಗೆ ತರಿತರಿ. ನಮ್ಮತ್ತೆ ಬೈಯಲಿಲ್ಲ, ‘ಇಳಿಸಿದ ಮೇಲಿನದೇ ಅಡುಗೆ’ ಎಂದರು. ಆ ಮಾತು ತಂಬುಳಿಗೂ ಸಾರಿಗೂ ಪಾಯಸಕ್ಕೂ ಒಂದೇ ಎಂದು ತಿಳಿಯಲು ನನಗೆ ಕೆಲವು ವರ್ಷಗಳೇ ಬೇಕಾದವು. ಪೊಟ್ಟಣದ ಕಾಯಿಹಾಲು ಬಳಸುವುದಾದರೂ ಕ್ರಮ ಇದೇ: ನೀರು ಬೆರೆಸಿದ ಭಾಗ ಮೊದಲು, ದಪ್ಪ ಭಾಗ ಒಲೆ ಆರಿದ ಮೇಲೆ.

ಹಸುವಿನ ಹಾಲಿನ ಪಾಯಸಕ್ಕೆ ಬೆಲ್ಲ ಹಾಕಬಹುದೇ?

ಹಾಕಬಹುದು. ಬೆಲ್ಲವನ್ನು ಬೇರೆಯಾಗಿ ಕರಗಿಸಿ, ಸೋಸಿ, ಆರಿಸಿ. ಹಾಲನ್ನೂ ಕುದಿಸಿ ಆರಿಸಿ. ಎರಡೂ ಬೆಚ್ಚಗಿರುವಾಗ ಬೆರೆಸಿ, ಮತ್ತೆ ಕುದಿಸಬೇಡಿ. ಬೆಲ್ಲದಲ್ಲಿರುವ ಹುಳಿಯ ಅಂಶ ಕುದಿಯುವ ಹಾಲನ್ನು ಒಡೆಯುತ್ತದೆ. ಚಾತುರ್ಮಾಸ್ಯದ ಕ್ಷೀರವ್ರತದ ತಿಂಗಳಲ್ಲಿ ಹಾಲು ವರ್ಜ್ಯವಾದಾಗ ಕಾಯಿಹಾಲಿನ ಪಾಯಸವೇ ನಮ್ಮ ಮನೆಯ ಎಲೆಗೆ ಬರುತ್ತದೆ.

ಅರಶಿನ ಎಲೆ ಸಿಗದಿದ್ದರೆ ಗಟ್ಟಿಯನ್ನು (ಎಲೆಯಲ್ಲಿ ಮಡಚಿ ಹಬೆಯಲ್ಲಿ ಬೇಯಿಸುವ ಅಕ್ಕಿಹಿಟ್ಟಿನ ಕಡುಬು) ಬಾಳೆಲೆಯಲ್ಲಿ ಮಾಡಬಹುದೇ?

ಗಟ್ಟಿ ಆಗುತ್ತದೆ, ಆದರೆ ಅದು ಅರಶಿನ ಎಲೆಯ ಗಟ್ಟಿಯಾಗುವುದಿಲ್ಲ. ಅಲ್ಲಿ ಪರಿಮಳವೇ ಅರ್ಧ ರುಚಿ. ನಾಗರಪಂಚಮಿಯ ಹೊತ್ತಿಗೆ ಎಲೆ ಹುಲುಸಾಗಿರುತ್ತದೆ, ಮಳೆ ಮುಗಿದು ಚಳಿ ಬರುವಾಗ ಗಿಡ ಒಣಗುತ್ತದೆ. ಎಲೆಗಳನ್ನು ಒರೆಸಿ, ಸುರುಳಿ ಸುತ್ತಿ, ಫ್ರೀಜರಿನಲ್ಲಿಟ್ಟರೆ ಕೆಲವು ವಾರ ಬಳಸಬಹುದು. ಮನೆಯ ಹಿಂದೆ ಒಂದು ಕುಂಡದಲ್ಲಿ ಅರಶಿನದ ಗೆಡ್ಡೆ ಹುಗಿದಿಡುವುದು ಇನ್ನೂ ಉತ್ತಮ.

ಪುನರ್ಪುಳಿಯನ್ನು, ಅಂದರೆ ಮುರುಗಲ ಹಣ್ಣನ್ನು (ಕೋಕಂ), ವರ್ಷವಿಡೀ ಇಟ್ಟುಕೊಳ್ಳುವುದು ಹೇಗೆ? ಶರಬತ್ತು, ಸಾರು ಎರಡಕ್ಕೂ ಒಂದೇ ಸಿಪ್ಪೆಯೇ?

ಹಣ್ಣು ಏಪ್ರಿಲ್, ಮೇ ತಿಂಗಳಲ್ಲಿ ಮಾಗುತ್ತದೆ, ಮೊದಲ ಮಳೆಗೆ ಮುಂಚೆ ಕೆಲಸ ಮುಗಿಯಬೇಕು. ಹಣ್ಣನ್ನು ಎರಡು ಹೋಳು ಮಾಡಿ, ಬೀಜವನ್ನೂ ರಸವನ್ನೂ ಬೇರೆ ತೆಗೆಯಿರಿ. ಸಿಪ್ಪೆಯನ್ನು ಬಿಸಿಲಿಗೆ ಹಾಕಿ, ಸಂಜೆಗೊಮ್ಮೆ ಉಪ್ಪು ಬೆರೆಸಿದ ಅದೇ ರಸದಲ್ಲಿ ಅದ್ದಿ, ಮರುದಿನ ಮತ್ತೆ ಒಣಗಿಸುತ್ತ ಹೋದರೆ ಸಿಪ್ಪೆ ಕಪ್ಪುಕೆಂಪಾಗಿ, ಬಗ್ಗುವಷ್ಟು ಮೆತುವಾಗಿ ಉಳಿಯುತ್ತದೆ. ಭರಣಿಯಲ್ಲಿ ಹಾಕಿಟ್ಟರೆ ಮುಂದಿನ ಬೇಸಿಗೆಯವರೆಗೆ ಕೆಡುವುದಿಲ್ಲ. ಇದು ಸಾರಿಗೆ. ಏಳೆಂಟು ಸಿಪ್ಪೆಯನ್ನು ಮೂರು ಲೋಟ ನೀರಿನಲ್ಲಿ ನೆನೆಸಿ ಕುದಿಸಿ, ಹಸಿಮೆಣಸು, ಬೆಲ್ಲ ಹಾಕಿ, ರುಚಿ ನೋಡಿ ಉಪ್ಪು ಸೇರಿಸಿ, ಜೀರಿಗೆಯ ಒಗ್ಗರಣೆ ಕೊಟ್ಟರೆ ಸಾರು ಸಿದ್ಧ.

ಶರಬತ್ತಿಗೆ ಉಪ್ಪು ತಾಗದ ಹಸಿ ಸಿಪ್ಪೆಯೇ ಬೇಕು. ಗಾಜಿನ ಜಾಡಿಯಲ್ಲಿ ಒಂದು ಪದರ ಸಿಪ್ಪೆ, ಒಂದು ಪದರ ಸಕ್ಕರೆಯಂತೆ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ ಒಂದು ವಾರ ಬಿಸಿಲಲ್ಲಿಡಿ. ಎರಡನೆಯ ದಿನಕ್ಕೇ ತಳದಲ್ಲಿ ಕೆಂಪು ರಸ ಕೂಡಿಕೊಳ್ಳುತ್ತದೆ. ವಾರದ ಕೊನೆಗೆ ಸಕ್ಕರೆ ಪೂರ್ತಿ ಕರಗಿ, ಸಿಪ್ಪೆ ಸುಕ್ಕಾಗಿ ಮೇಲೆ ತೇಲುತ್ತದೆ. ಸೋಸಿಟ್ಟ ಪಾಕ ಒಂದು ಪಾಲಿಗೆ ನೀರು ಐದು ಪಾಲು, ಚಿಟಿಕೆ ಉಪ್ಪು, ಹುರಿದ ಜೀರಿಗೆಪುಡಿ. ಅಲ್ಯೂಮಿನಿಯಂ, ತಾಮ್ರದ ಪಾತ್ರೆ ಬೇಡ, ಹುಳಿ ಲೋಹವನ್ನು ತಿನ್ನುತ್ತದೆ. ಅಂಗಡಿಯ ಬಾಟಲಿ ಕೊಳ್ಳುವವರು ಚೀಟಿಯಲ್ಲಿ ಬಣ್ಣ ಸೇರಿಸಿದ್ದಾರೆಯೇ ಎಂದು ಓದಿ ಕೊಳ್ಳಬೇಕು. ಈ ಹಣ್ಣಿಗೆ ಬಣ್ಣ ಬೇಕಾಗಿಯೇ ಇಲ್ಲ. ಬೀಜವನ್ನು ಎಸೆಯಬೇಡಿ. ಅದರಿಂದ ತೆಗೆಯುವ ಗಟ್ಟಿ ಕೊಬ್ಬು, ಮುರುಗಲ ತುಪ್ಪ, ಒಡೆದ ಹಿಮ್ಮಡಿಗೆ ಹಚ್ಚುವ ಹಳೆಯ ಮದ್ದು.

ರಾಗಿನೀರು, ಎಳ್ಳುನೀರನ್ನು ಬೆಳಿಗ್ಗೆ ಮಾಡಿ ಸಂಜೆಗೆ ಇಡಬಹುದೇ?

ಕರಾವಳಿಯ ಸೆಕೆಯಲ್ಲಿ ಹೊರಗೆ ಇಡಬೇಡಿ. ನೆನೆಸಿದ ರಾಗಿಯನ್ನು ಅರೆದು ಸೋಸಿ, ಬೆಲ್ಲ, ಏಲಕ್ಕಿ, ಆರಿದ ಹಾಲು ಸೇರಿಸಿದ ಮೇಲೆ ಎರಡು ಗಂಟೆಯೊಳಗೆ ಕುಡಿದು ಮುಗಿಸಿ. ಬಿಳಿ ಎಳ್ಳಿನದ್ದೂ ಹಾಗೆಯೇ. ಅಡಿಯಲ್ಲಿ ಗಸಿ ನಿಲ್ಲುವುದು ಸಹಜ, ಕದಡಿ ಕುಡಿಯಬೇಕು.

ಕಷಾಯದ ಪುಡಿಗೆ ಏನೇನು ಬೇಕು?

ಕೊತ್ತಂಬರಿ ಬೀಜ ಒಂದು ಲೋಟ, ಜೀರಿಗೆ ಕಾಲು ಲೋಟ, ಕಾಳುಮೆಣಸು ಎರಡು ಚಮಚ, ಮೆಂತ್ಯ ಒಂದು ಚಮಚ, ಸ್ವಲ್ಪ ಒಣಶುಂಠಿ. ಎಣ್ಣೆಯಿಲ್ಲದೆ ಹುರಿದು ಪುಡಿ ಮಾಡಿ. ಒಂದು ಲೋಟ ನೀರಿಗೆ ಒಂದು ಚಮಚ ಪುಡಿ, ಬೆಲ್ಲ. ಎರಡು ಉಕ್ಕು ಬಂದ ಮೇಲೆ ಹಾಲು ಸೇರಿಸಿ ಸೋಸಿ. ಸಂಜೆಯ ಕಾಫಿ ಬಿಡಬೇಕೆನ್ನುವವರಿಗೆ ನಾನು ಇದನ್ನೇ ಹೇಳುತ್ತೇನೆ.

ಆಟಿ ಅಮಾವಾಸ್ಯೆಯ ಪಾಲೆ ಕಷಾಯವನ್ನು ಮನೆಯಲ್ಲಿ ಮಾಡಬಹುದೇ?

ಮರವನ್ನು ಗುರುತಿಸಬಲ್ಲ ಹಿರಿಯರು ಜೊತೆಗಿಲ್ಲದಿದ್ದರೆ ದಯವಿಟ್ಟು ಮಾಡಬೇಡಿ. ಹಾಲೆಮರ, ಅಂದರೆ ಸಪ್ತಪರ್ಣಿಯ ತೊಗಟೆಯನ್ನು ಸೂರ್ಯ ಮೂಡುವ ಮೊದಲು ಕಬ್ಬಿಣ ತಾಗಿಸದೆ ಕಲ್ಲಿನಿಂದ ಜಜ್ಜಿ ತಂದು, ಕಾಳುಮೆಣಸು, ಬೆಳ್ಳುಳ್ಳಿ, ಓಮದೊಂದಿಗೆ ಅರೆದು, ಕೆಂಡದಲ್ಲಿ ಕಾಯಿಸಿದ ಬೆಣಚುಕಲ್ಲಿನ ಒಗ್ಗರಣೆ ಕೊಟ್ಟು ಖಾಲಿ ಹೊಟ್ಟೆಗೆ ಸ್ವಲ್ಪವೇ ಕುಡಿಯುವುದು ತುಳುನಾಡಿನ ಪದ್ಧತಿ. ಅದರ ಉಷ್ಣಕ್ಕೆ ಮೇಲಿಂದ ಮೆಂತ್ಯದ ಗಂಜಿ ಉಣ್ಣುತ್ತಾರೆ. ಹಾಲೆಮರದ ಎಲೆಗಳು ಚಕ್ರದಂತೆ ಒಂದೇ ಕಡೆ ಸುತ್ತ ಮೂಡುತ್ತವೆ, ಗಾಯವಾದಲ್ಲಿ ಬಿಳಿಹಾಲು ಬರುತ್ತದೆ. ಮುಂಜಾನೆಯ ಕತ್ತಲಲ್ಲಿ ಕಾಸರಕದಂಥ ವಿಷದ ಮರದ ತೊಗಟೆ ಕೈಗೆ ಬಂದರೆ ಅದು ಪ್ರಾಣಕ್ಕೇ ಅಪಾಯ. ಹಗಲಿನಲ್ಲಿಯೇ ಮರವನ್ನು ನೋಡಿ ಗುರುತು ಕಟ್ಟಿ ಬರುವ ಹಿಂದಿನವರ ರೂಢಿ ಇದಕ್ಕಾಗಿಯೇ. ಗರ್ಭಿಣಿಯರು, ಸಣ್ಣ ಮಕ್ಕಳು, ನಿತ್ಯ ಔಷಧ ಸೇವಿಸುವವರು ವೈದ್ಯರನ್ನು ಕೇಳದೆ ಕುಡಿಯಬಾರದು.

ಮಣಿಪಾಲದಲ್ಲಿ ಒಂದೇ ಒಲೆಯ ಕೋಣೆಯಲ್ಲಿ ಒಬ್ಬನೇ ಇದ್ದೇನೆ. ಹುಷಾರು ತಪ್ಪಿದ ದಿನ ಸುಲಭವಾಗಿ ಏನು ಮಾಡಿಕೊಳ್ಳಬಹುದು?

ಅರ್ಧ ಲೋಟ ಬೆಳ್ತಿಗೆ ಅಕ್ಕಿ, ಒಂದು ಚಮಚ ಹೆಸರುಬೇಳೆ, ನಾಲ್ಕು ಲೋಟ ನೀರು ಸಣ್ಣ ಕುಕ್ಕರಿಗೆ ಹಾಕಿ ಮೂರು ಸೀಟಿ ಬರಿಸಿ. ಕುಚ್ಚಲಕ್ಕಿ ಆ ದಿನಕ್ಕೆ ಬೇಡ, ಕಾಯುವಷ್ಟು ತ್ರಾಣ ಇರುವುದಿಲ್ಲ. ಕುಕ್ಕರು ತಣಿಯುವ ಹೊತ್ತಿಗೆ ಅರ್ಧ ಇಂಚು ಶುಂಠಿಯನ್ನು ಉಪ್ಪಿನೊಂದಿಗೆ ಜಜ್ಜಿ ಒಂದು ಲೋಟ ಮಜ್ಜಿಗೆಗೆ ಕದಡಿ. ತೆಂಗಿನಕಾಯಿ ಇಲ್ಲದಿದ್ದರೂ ನಡೆಯುತ್ತದೆ. ಮೊದಲು ಗಂಜಿಯ ಮೇಲಿನ ತಿಳಿಯನ್ನು ಒಂದು ಲೋಟಕ್ಕೆ ಬಸಿದು, ಉಪ್ಪು ಹಾಕಿ, ಗುಟುಕು ಗುಟುಕಾಗಿ ಕುಡಿಯಿರಿ. ಅದು ಹೊಟ್ಟೆಯಲ್ಲಿ ನಿಂತರೆ ಅರ್ಧ ಗಂಟೆ ಬಿಟ್ಟು ಗಂಜಿ ಉಣ್ಣಿ. ನಿಲ್ಲದೆ ವಾಂತಿ, ಭೇದಿ ಮುಂದುವರಿದರೆ ಪಕ್ಕದ ಕೋಣೆಯವರನ್ನು ಕರೆದುಕೊಂಡು ಆಸ್ಪತ್ರೆಗೆ ಹೋಗಿ.